ಚಿತ್ರದಲ್ಲಿ ನಿಲ್ಲುವ ಮುನ್ನ

(ಗುಡ್ಡಗಾಡಿನ ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



2024ರ ಫೆಬ್ರವರಿ ತಿಂಗಳಿನಲ್ಲಿ ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಒಂದು ಫೋಟೋ ಶೂಟ್ ನಡೆಯಿತು. ಗುತ್ತಿಗೆಯ ಮೇಲೆ ನೇಮಕಗೊಂಡಿದ್ದ ಯುವ ವೈದ್ಯರೊಬ್ಬರು, ತಾವು ಮದುವೆಯಾಗಲಿದ್ದ ಯುವತಿಯೊಡನೆ ನಿಂತು, ಮೇಜಿನ ಮೇಲೆ ರೋಗಿಯಂತೆ ಮಲಗಿದ್ದ ವ್ಯಕ್ತಿಗೆ ಶಸ್ತ್ರಚಿಕಿತ್ಸೆ ನಡೆಸುವಂತೆ ಅಭಿನಯಿಸಿದರು. ಸುತ್ತ ದೀಪಗಳಿದ್ದವು, ಕ್ಯಾಮೆರಾಗಳಿದ್ದವು. ಕೊನೆಯಲ್ಲಿ ರೋಗಿಯ ವೇಷದಲ್ಲಿದ್ದವನು ಎದ್ದು ಕುಳಿತನು. ಆ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿ ರಾಜ್ಯದ ಗಮನಕ್ಕೆ ಬಂದಿತು. ವೈದ್ಯರು ಕೆಲಸ ಕಳೆದುಕೊಂಡರು.

ಈ ಪ್ರಕರಣವನ್ನು ಕೇಳಿ ನಕ್ಕು ಸುಮ್ಮನಾಗುವುದು ಸುಲಭ. ಆದರೆ ಅದರೊಳಗೆ ಯೋಚಿಸಬೇಕಾದ ಒಂದು ಸಂಗತಿಯಿದೆ. ಆ ಯುವಕನ ಬಯಕೆಯಲ್ಲಿ ತಪ್ಪಿರಲಿಲ್ಲ. ಎಲ್ಲಿಯದೋ ಹಿಮಪರ್ವತದ ಚಿತ್ರವನ್ನು ಹಿಂದೆ ಇರಿಸಿಕೊಳ್ಳದೆ, ತನ್ನ ವೃತ್ತಿಯೇ ತನ್ನ ಗುರುತು ಎಂದು ಆತ ಭಾವಿಸಿದ್ದಾನೆ. ತಪ್ಪಾದುದು ಬೇರೆ ಎರಡು ಕಡೆ. ಒಂದು, ಚಿತ್ರದಲ್ಲಿ ಕಂಡದ್ದು ಆತನ ದುಡಿಮೆಯಲ್ಲ, ದುಡಿಮೆಯ ನಟನೆ. ಎರಡು, ಆತ ನಿಂತ ಸ್ಥಳ ಆತನದಾಗಿರಲಿಲ್ಲ. ಅದು ರೋಗಿಗಳದು, ಸಾರ್ವಜನಿಕರದು.

ಆದುದರಿಂದ ತನ್ನತನವನ್ನು ಹೇಳುವ ಚಿತ್ರವೊಂದನ್ನು ತೆಗೆಸಿಕೊಳ್ಳಹೊರಟ ಯಾರೇ ಆಗಲಿ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಾಗುತ್ತದೆ. ತೋರಿಸುತ್ತಿರುವುದು ನಿಜವಾಗಿಯೂ ತನ್ನದೇ? ತೋರಿಸುತ್ತಿರುವ ಸ್ಥಳದಲ್ಲಿ ಇನ್ನು ಯಾರಿಗೆಲ್ಲ ಹಕ್ಕಿದೆ? ಉಡುಗೆ, ಬಣ್ಣ, ಬೆಳಕು, ಭಂಗಿ ಇವೆಲ್ಲವೂ ಈ ಎರಡು ಪ್ರಶ್ನೆಗಳ ನಂತರ ಬರುವಂಥವು.

ಪೇಟೆಯ ಸ್ಟುಡಿಯೋದ ಕೋಟು

ಫೋಟೋಕ್ಕಾಗಿ ಸಿಂಗರಿಸಿಕೊಳ್ಳುವುದು ಹೊಸ ರೋಗವೆಂದು ಹಿರಿಯರು ಕೆಲವೊಮ್ಮೆ ದೂರುವುದುಂಟು. ಅದು ಹೊಸದಲ್ಲ. ಒಂದು ಕಾಲದಲ್ಲಿ ಸಣ್ಣ ಪೇಟೆಗಳ ಸ್ಟುಡಿಯೋ ಎಂದರೆ ಬಣ್ಣ ಬಳಿದ ಒಂದು ಪರದೆ, ಒಂದು ಮರದ ಕುರ್ಚಿ, ಕನ್ನಡಿ, ಬಾಚಣಿಗೆ, ಪೌಡರಿನ ಡಬ್ಬಿ ಮತ್ತು ಗೂಟಕ್ಕೆ ತೂಗುಹಾಕಿದ ಒಂದು ಕೋಟು. ಜಾತ್ರೆ ಮುಗಿಸಿ ಬಂದ ರೈತನು ಆ ಕೋಟನ್ನು ತೊಟ್ಟು, ಗಡಿಯಾರವಿರುವ ಕೈಯನ್ನು ಮುಂದೆ ಇಟ್ಟುಕೊಂಡು ಕುಳಿತುಕೊಳ್ಳುತ್ತಿದ್ದನು. ಪರದೆಯ ಮೇಲೆ ಆತನು ಎಂದೂ ನೋಡಿರದ ಉದ್ಯಾನ, ಕಮಾನು, ಸರೋವರ. ಹಳೆಯ ಮನೆಗಳ ನಡುಮನೆಯ ಗೋಡೆಗಳಲ್ಲಿ ಇಂದಿಗೂ ಅಂತಹ ಚಿತ್ರಗಳು ತೂಗುತ್ತಿವೆ. ಅವನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಕೋಟು ಬಾಡಿಗೆಯದಾದರೂ ಆಸೆ ಸ್ವಂತದ್ದು. ಆದರೆ ಆ ಚಿತ್ರವನ್ನು ನೋಡಿ ಆತನ ಊರು ಯಾವುದು, ಆತನು ಏನು ಬೆಳೆಯುತ್ತಿದ್ದನು, ಯಾರು ನೇಯ್ದ ಬಟ್ಟೆ ಉಡುತ್ತಿದ್ದನು ಎಂದು ಮೊಮ್ಮಕ್ಕಳು ತಿಳಿಯಲಾರರು.

ಪಶ್ಚಿಮ ಆಫ್ರಿಕಾದ ಮಾಲಿ ದೇಶದಲ್ಲಿ ಇದೇ ಕೆಲಸ ಬೇರೆ ರೀತಿಯಲ್ಲಿ ನಡೆಯಿತು. ಬಮಾಕೊ ನಗರದಲ್ಲಿ ಸೇಡು ಕೇಟಾ ಎಂಬ ಛಾಯಾಗ್ರಾಹಕರು 1948ರಲ್ಲಿ ಸ್ಟುಡಿಯೋ ತೆರೆದರು. ಅವರಲ್ಲಿಯೂ ಕೋಟು, ಕೈಗಡಿಯಾರ, ರೇಡಿಯೋ, ಸ್ಕೂಟರ್ ಇದ್ದವು. ಆದರೆ ಹಿಂದಿನ ಪರದೆಗಾಗಿ ಅವರು ಮೊದಲು ಬಳಸಿದ್ದು ತಮ್ಮದೇ ಹಾಸಿಗೆಯ ಹೊದಿಕೆಯನ್ನು. ಅನೇಕರು ತಮ್ಮ ಅತ್ಯುತ್ತಮ ನಿಲುವಂಗಿಗಳನ್ನು, ಒಡವೆಗಳನ್ನು ಧರಿಸಿ ಬಂದು ಅದರ ಮುಂದೆ ಕುಳಿತರು. ಕೂರುವವರ ಭುಜವನ್ನು, ಕೈಯನ್ನು ಕೇಟಾ ಎಚ್ಚರದಿಂದ ಹೊಂದಿಸುತ್ತಿದ್ದರು. ಹೆಚ್ಚಾಗಿ ಹಗಲಿನ ಬೆಳಕನ್ನೇ ನೆಚ್ಚಿದ್ದರು. ಇಂದು ಆ ಚಿತ್ರಗಳು ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿವೆ. ಒಂದು ಹೊದಿಕೆ, ಒಂದು ಅಂಗಳ, ಹಗಲಿನ ಬೆಳಕು ಇವಿಷ್ಟರಿಂದ ಒಂದು ಪಟ್ಟಣದ ಜನರು ತಮ್ಮ ಗೌರವವನ್ನು ದಾಖಲಿಸಿಕೊಂಡರು. ಹಣವಿಲ್ಲದೆ ಒಳ್ಳೆಯ ಚಿತ್ರವಾಗದು ಎಂಬ ಮಾತಿಗೆ ಇದೇ ಉತ್ತರ.

ಓಬವ್ವಳ ಮುಖ

ಚಿತ್ರಕ್ಕೆ ಎಷ್ಟು ಶಕ್ತಿಯಿದೆ ಎಂಬುದನ್ನು ಚಿತ್ರದುರ್ಗದ ಜನರಿಗೆ ವಿವರಿಸಬೇಕಾಗಿಲ್ಲ. ಹೈದರಾಲಿಯ ಮುತ್ತಿಗೆಯ ಕಾಲದಲ್ಲಿ ಕಿಂಡಿಯ ಬಳಿ ಒನಕೆ ಹಿಡಿದು ನಿಂತಳೆಂದು ನಾಡು ನೆನೆಯುವ ಓಬವ್ವಳ ಮುಖವನ್ನು ಕಂಡವರು ಯಾರೂ ಇಲ್ಲ. ಆ ಕಾಲದ ಚಿತ್ರವೂ ಇಲ್ಲ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ 'ನಾಗರಹಾವು' 1972ರಲ್ಲಿ ತೆರೆಕಂಡಿತು. ಅದರಲ್ಲಿ ನಟಿ ಜಯಂತಿಯವರು ಓಬವ್ವಳಾದರು. ಅಂದಿನಿಂದ ಕನ್ನಡಿಗರ ಮನಸ್ಸಿನಲ್ಲಿ ಓಬವ್ವಳ ಸೀರೆಯ ಕಚ್ಚೆ, ಕಣ್ಣು, ನಿಲುವು ಬಹುಪಾಲು ಆ ಚಿತ್ರದವೇ ಆಗಿವೆ. ರಾಜ್ಯ ಸರ್ಕಾರ 2021ರಿಂದ ನವೆಂಬರ್ 11ರಂದು ಓಬವ್ವ ಜಯಂತಿಯನ್ನು ಆಚರಿಸುತ್ತಿದೆ. ಶಾಲೆಯ ಹೆಣ್ಣುಮಕ್ಕಳು ಒನಕೆ ಹಿಡಿದು ವೇಷ ಧರಿಸುವಾಗ ಅವರು ಅನುಸರಿಸುವುದು ಕೋಟೆಯ ದಾಖಲೆಯನ್ನಲ್ಲ, ತೆರೆಯ ಮೇಲಿನ ಒಂದು ರೂಪವನ್ನು.

ಇದು ದೋಷವೆಂದು ಹೇಳಬೇಕಾಗಿಲ್ಲ. ಆದರೆ ಇದರಲ್ಲಿ ಒಂದು ಎಚ್ಚರಿಕೆಯಿದೆ. ಒಮ್ಮೆ ಒಂದು ಚಿತ್ರ ನೆಲೆಯೂರಿದರೆ ಮುಂದಿನ ತಲೆಮಾರು ಅದನ್ನೇ ನಿಜವೆಂದು ತಿಳಿಯುತ್ತದೆ. ಹಾಗಿರುವಾಗ ತನ್ನ ಚಿತ್ರವನ್ನು ತಾನೇ ರೂಪಿಸಿಕೊಳ್ಳುವ ಅವಕಾಶ ದೊರೆತ ವಿದ್ಯಾರ್ಥಿ ಅದನ್ನು ಲಘುವಾಗಿ ಕಾಣಬಾರದು.

ಹೆಸರಿಲ್ಲದವರು

ಬೇರೆಯವರು ರೂಪಿಸಿದರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. 'ವೋಗ್ ಇಂಡಿಯಾ' ಪತ್ರಿಕೆ ತನ್ನ 2008ರ ಆಗಸ್ಟ್ ಸಂಚಿಕೆಯಲ್ಲಿ ಹಳ್ಳಿಯ ಬಡವರ ಮೈಮೇಲೆ ದುಬಾರಿ ವಿದೇಶೀ ವಸ್ತುಗಳನ್ನಿಟ್ಟು ತೆಗೆದ ಚಿತ್ರಮಾಲೆಯನ್ನು ಪ್ರಕಟಿಸಿತು. ಅಜ್ಜಿಯ ತೋಳಿನಲ್ಲಿದ್ದ ಮಗುವಿನ ಕೊರಳಿಗೆ ಫೆಂಡಿ ಕಂಪನಿಯ ಜೊಲ್ಲುಬಟ್ಟೆ. ಬರಿಗಾಲಿನ ಮುದುಕನ ಕೈಯಲ್ಲಿ ಬರ್ಬೆರಿ ಕಂಪನಿಯ ಕೊಡೆ. ವಸ್ತುಗಳ ಹೆಸರುಗಳು ಅಚ್ಚಾಗಿದ್ದವು, ಮನುಷ್ಯರ ಹೆಸರುಗಳಿರಲಿಲ್ಲ. 'ಹೆಂಗಸು', 'ಗಂಡಸು' ಎಂದಷ್ಟೇ ಇತ್ತು. ದೇಶದ ಒಳಗೂ ಹೊರಗೂ ಅದಕ್ಕೆ ಟೀಕೆ ಬಂದಿತು.

ಈ ಮಾತು ದೂರದ ಪತ್ರಿಕೆಗೆ ಮಾತ್ರ ಅನ್ವಯಿಸುವುದಿಲ್ಲ. ದಾರಿಯಲ್ಲಿ ಕುರಿಮಂದೆ ಕಂಡೊಡನೆ ಕಾರು ನಿಲ್ಲಿಸಿ, ಕುರಿಗಾರನ ಕೋಲನ್ನೂ ಕಂಬಳಿಯನ್ನೂ ಎರವಲು ಪಡೆದು, ಮರಿಯೊಂದನ್ನು ಹೆಗಲಿಗೇರಿಸಿಕೊಂಡು ಚಿತ್ರ ತೆಗೆಸಿಕೊಳ್ಳುವ ಜೋಡಿಗಳು ಹೆಚ್ಚುತ್ತಿವೆ. ಕುರಿಗಾರನು ಚೌಕಟ್ಟಿನಿಂದ ಆಚೆ ನಿಂತು ನೋಡುತ್ತಾನೆ. ಮಂದೆ ಚದುರುತ್ತದೆ, ಮೇವಿನ ಹೊತ್ತು ಕಳೆಯುತ್ತದೆ. ಆತನ ಹೆಸರನ್ನು ಕೇಳಿದವರಿಲ್ಲ, ಸಮಯಕ್ಕೆ ಬೆಲೆ ಕೊಟ್ಟವರಿಲ್ಲ. ತನ್ನ ಗುರುತನ್ನು ಹೇಳಲೆಂದು ಇನ್ನೊಬ್ಬನ ಗುರುತನ್ನು ಎರವಲು ಪಡೆದರೆ ಆ ಚಿತ್ರದಲ್ಲಿ ಇಬ್ಬರೂ ಇರುವುದಿಲ್ಲ.

ಉಡುಗೆಯ ಆಯ್ಕೆ

ಹಾಗಾದರೆ ಏನನ್ನು ಉಡಬೇಕು? ಮೊದಲು ಮನೆಯ ಪೆಟ್ಟಿಗೆಯನ್ನು ತೆರೆಯಬೇಕು. ಈ ಸೀಮೆಯ ಅನೇಕ ಮನೆಗಳ ಪೆಟ್ಟಿಗೆಯಲ್ಲಿ ಒಂದು ಕರಿಯ ಕಂಬಳಿ ಸಿಗುತ್ತದೆ. ಅದರ ಹಿಂದೆ ಒಂದು ಇಡೀ ಬೇಸಾಯವಿದೆ. ಡೆಕ್ಕನಿ ತಳಿಯ ಕುರಿಯಿಂದ ವರ್ಷಕ್ಕೆ ಎರಡು ಬಾರಿ ಉಣ್ಣೆ ಕತ್ತರಿಸುತ್ತಾರೆ. ಹೆಂಗಸರು ರಾಟೆಯಲ್ಲಿ ನೂಲುತ್ತಾರೆ. ಹುಣಸೆ ಬೀಜವನ್ನು ಅರೆದು ಕಾಯಿಸಿದ ಗಂಜಿಯನ್ನು ನೂಲಿಗೆ ಹಚ್ಚಿ ಬಿಗಿ ಮಾಡಿ ಮಗ್ಗಕ್ಕೆ ಏರಿಸುತ್ತಾರೆ. ಕಪ್ಪು ಬಣ್ಣ ಬಹುಮಟ್ಟಿಗೆ ಕುರಿಯದೇ; ಬಣ್ಣದ ಕಾರ್ಖಾನೆಯದಲ್ಲ. ನೆರೆಯ ಚಳ್ಳಕೆರೆಯ ಕಂಬಳಿ ದೂರದೂರದವರೆಗೆ ಹೆಸರಾದದ್ದು ಈ ಸರಪಳಿಯಿಂದಲೇ. ಈಗ ಉಣ್ಣೆಗೆ ಬೆಲೆಯಿಲ್ಲದೆ, ಮಾಂಸಕ್ಕಾಗಿ ಉಣ್ಣೆಯಿಲ್ಲದ ತಳಿಗಳು ಮಂದೆಯನ್ನು ಸೇರಿ, ಸರಪಳಿಯ ಕೊಂಡಿಗಳು ಒಂದೊಂದಾಗಿ ಕಳಚುತ್ತಿವೆ. ಅಜ್ಜನ ಕಂಬಳಿಯನ್ನು ಹೊದ್ದು ನಿಲ್ಲುವ ಹುಡುಗನು ಇಷ್ಟನ್ನು ತಿಳಿದು ನಿಂತರೆ ಆ ನಿಲುವಿನಲ್ಲಿಯೇ ವ್ಯತ್ಯಾಸ ಕಾಣುತ್ತದೆ.

ಕಂಬಳಿಯನ್ನು ಚಿತ್ರಿಸುವುದರಲ್ಲಿ ಕೆಲವು ಉಪಾಯಗಳಿವೆ. ಅದರ ಜೊತೆಗೆ ಬಿಳಿ ಪಂಚೆ, ಬಿಳಿ ಅಂಗಿ ಅಥವಾ ಒಂದೇ ಬಣ್ಣದ ನೂಲಿನ ಸೀರೆ ಒಪ್ಪುತ್ತದೆ. ಹೊಳೆಯುವ ಬಟ್ಟೆ ಒಪ್ಪದು. ಚೌಕಟ್ಟಿನ ತುಂಬ ಕಪ್ಪು ಬಟ್ಟೆಯಿದ್ದರೆ ಕ್ಯಾಮೆರಾ ತಾನಾಗಿಯೇ ಬೆಳಕನ್ನು ಹೆಚ್ಚಿಸಿ ಕಪ್ಪನ್ನು ಬೂದಿಯನ್ನಾಗಿ ಮಾಡುತ್ತದೆ. ಆದ್ದರಿಂದ ಬೆಳಕಿನ ಪ್ರಮಾಣವನ್ನು ತುಸು ತಗ್ಗಿಸಬೇಕು. ಬೆಳಕು ಪಕ್ಕದಿಂದ ಬಿದ್ದರೆ ಉಣ್ಣೆಯ ಒರಟುತನ ಎದ್ದು ಕಾಣುತ್ತದೆ. ಹರಿದು ಹೊಲಿದ ಜಾಗವನ್ನು ಮಡಿಕೆಯಲ್ಲಿ ಮುಚ್ಚಬೇಕಾಗಿಲ್ಲ. ಅದು ಆ ಕಂಬಳಿಯ ವಯಸ್ಸು. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಮಾಗಿಯ ಮುಂಜಾವಿನಲ್ಲಿ ಅಥವಾ ಜಡಿಮಳೆಯ ದಿನದಲ್ಲಿ ಹೊದೆಯಬೇಕು. ಏಪ್ರಿಲ್ ನಡುಹಗಲಿನಲ್ಲಿ ಹೊದ್ದ ಕಂಬಳಿ ಉಡುಗೆಯಲ್ಲ, ವೇಷ.

ರೇಷ್ಮೆಯ ಮಾತು ಬಂದರೆ ಜಿಲ್ಲೆಯದೇ ಆದ ಮೊಳಕಾಲ್ಮೂರು ಸೀರೆಯಿದೆ. ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ತಾಯಿಯ ಮದುವೆಯ ಸೀರೆ ಮನೆಯಲ್ಲಿರುವಾಗ ಒಂದು ಮಧ್ಯಾಹ್ನದ ಚಿತ್ರಕ್ಕಾಗಿ ಹೊಸ ಗೌನು ಕೊಳ್ಳುವುದು ದುಂದು. ಒಂದು ಹತ್ತಿಯ ಟೀ ಶರ್ಟ್ ತಯಾರಾಗಲು, ಹತ್ತಿ ಬೆಳೆಯುವುದೂ ಸೇರಿ, ಸುಮಾರು 2,700 ಲೀಟರ್ ನೀರು ಬೇಕೆಂಬುದು ವಿಶ್ವ ವನ್ಯಜೀವಿ ನಿಧಿಯ ಅಂದಾಜು. ಕೊಳವೆಬಾವಿ ಬತ್ತುವುದನ್ನು ಕಂಡ ಹಿರಿಯೂರು, ಹೊಸದುರ್ಗದ ರೈತರಿಗೆ ಆ ಅಂಕಿಯ ಭಾರ ಅರ್ಥವಾಗುತ್ತದೆ. ಒಮ್ಮೆ ಉಟ್ಟು ಎಸೆಯುವ ಉಡುಗೆ ಎಂದರೆ ಯಾರದೋ ಊರಿನ ನೀರು.

ಲಂಬಾಣಿ ತಾಂಡಾಗಳ ಫೇಟಿಯಾ, ಕಾಂಚಳಿಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಕನ್ನಡಿ, ಕವಡೆ, ನಾಣ್ಯಗಳನ್ನಿಟ್ಟು ಕೈಯಿಂದ ಹೊಲಿದ ಆ ಉಡುಗೆ ಇಂದು ವೇಷಭೂಷಣದ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತದೆ. ತಾಂಡಾದ ಹುಡುಗಿಯೊಬ್ಬಳು ಅಜ್ಜಿಯ ಫೇಟಿಯಾವನ್ನು ತೊಟ್ಟು, ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ತೆಗೆಸಿಕೊಂಡ ಚಿತ್ರ ಒಂದು ಬಗೆ. ಆ ಬದುಕಿನ ಸಂಬಂಧವೇ ಇಲ್ಲದವರು ಬಾಡಿಗೆಗೆ ತಂದು ಸಂಜೆಗೆ ಹಿಂತಿರುಗಿಸುವುದು ಇನ್ನೊಂದು ಬಗೆ. ಅದೇ ಉಡುಗೆಯಲ್ಲಿ ಬಸ್ಸು ಹತ್ತಿದ ಅಜ್ಜಿಯನ್ನು ಜನ ತಿರುಗಿ ನೋಡಿ ನಕ್ಕ ದಿನಗಳನ್ನು ತಾಂಡಾದವರು ಮರೆತಿಲ್ಲ.

ಹಾಗೆಂದು ತನ್ನತನವೆಂದರೆ ಅಜ್ಜಿಯ ಪೆಟ್ಟಿಗೆ ಮಾತ್ರವೆಂದು ತಿಳಿಯಬೇಕಾಗಿಲ್ಲ. ಹಿರಿಯೂರಿನ ತೋಟಗಾರಿಕೆ ಕಾಲೇಜಿನಲ್ಲಿ ಓದುವ ವಿದ್ಯಾರ್ಥಿನಿಯ ದಿನದ ಉಡುಗೆ ಜೀನ್ಸ್ ಮತ್ತು ಅಂಗಿಯಾಗಿದ್ದರೆ, ಮಣ್ಣು ಮೆತ್ತಿದ ಆ ಜೀನ್ಸಿನಲ್ಲಿಯೇ ಆಕೆ ದಾಳಿಂಬೆ ಗಿಡದ ಬಳಿ ನಿಲ್ಲಲಿ. ಅದೂ ಈ ನೆಲದ ಚಿತ್ರವೇ. ಹಳತು ಎಂಬ ಕಾರಣದಿಂದ ಒಂದು ಉಡುಗೆ ನಿಜವಾಗುವುದಿಲ್ಲ, ಬಳಕೆಯಿಂದ ನಿಜವಾಗುತ್ತದೆ.

ಸ್ಥಳ, ಋತು, ಬೆಳಕು

ಸ್ಥಳದ ಆಯ್ಕೆ ಎರಡನೆಯ ಪ್ರಶ್ನೆಗೆ ಸೇರಿದುದು. ಚಿತ್ರದುರ್ಗದ ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಲ್ಲಿ ಸಾಮಾನ್ಯ ಪ್ರವಾಸಿಯಂತೆ ಚಿತ್ರ ತೆಗೆದುಕೊಳ್ಳುವುದು ಬೇರೆ. ದೀಪ, ಸ್ಟ್ಯಾಂಡು, ಡ್ರೋನ್‌ಗಳೊಡನೆ ಚಿತ್ರೀಕರಣ ನಡೆಸುವುದು ಬೇರೆ. ಎರಡನೆಯದಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕು. ಜೋಗಿಮಟ್ಟಿ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಜೀವಿಧಾಮದೊಳಗೆ ಛಾಯಾಗ್ರಹಣದ ಉದ್ದೇಶದಿಂದ ಪ್ರವೇಶಿಸಲೂ ಪರವಾನಗಿ ಬೇಕು. ಮಯೂರಶರ್ಮನ ಶಾಸನವಿರುವ ಚಂದ್ರವಳ್ಳಿಯಲ್ಲಿ ಬಂಡೆಯ ಮೇಲೆ ತಮ್ಮ ಹೆಸರು ಬರೆದು ಅದರ ಮುಂದೆ ನಿಲ್ಲುವವರು, ಶತಮಾನಗಳು ಕಾಪಾಡಿದ್ದನ್ನು ಒಂದು ನಿಮಿಷದಲ್ಲಿ ಕೆಡಿಸುತ್ತಾರೆ.

ಕಾಗದದ ಅನುಮತಿಗಿಂತ ಹಿರಿದಾದುದು ಋತುವಿನ ಅನುಮತಿ. ಜನವರಿಯಿಂದ ಏಪ್ರಿಲ್‌ವರೆಗೆ ಈ ಗುಡ್ಡಗಳ ಹುಲ್ಲು ಒಣಗಿ ನಿಂತಿರುತ್ತದೆ. ಇತ್ತೀಚೆಗೆ ಮದುವೆಯ ಚಿತ್ರೀಕರಣಗಳಲ್ಲಿ ಬಣ್ಣದ ಹೊಗೆ ಉಗುಳುವ ಕೊಳವೆಗಳನ್ನು ಹಚ್ಚುವ ರೂಢಿ ಬಂದಿದೆ. ಅವು ಪಟಾಕಿಯ ಬಂಧುಗಳು. ಉರಿದೇ ಹೊಗೆ ಕೊಡುತ್ತವೆ. ಒಣಹುಲ್ಲಿನಲ್ಲಿ ಅಂತಹದೊಂದನ್ನು ಎಸೆದರೆ ಗಾಳಿಯಂತ್ರಗಳನ್ನು ತಿರುಗಿಸುವ ಅದೇ ಗಾಳಿ ಬೆಂಕಿಯನ್ನೂ ಗುಡ್ಡದ ನೆತ್ತಿಗೆ ಒಯ್ಯುತ್ತದೆ. ಸುಡುವುದು ಹುಲ್ಲು ಮಾತ್ರವಲ್ಲ, ಬೇಸಿಗೆಯ ಮೇವು. ಇದೇ ತಿಂಗಳುಗಳಲ್ಲಿ ಕೊಂಬಿನ ಗೂಬೆ ಬಂಡೆಯ ಚಾಚುಗಳ ಮೇಲೆ ಮರಿ ಮಾಡಿರುತ್ತದೆ. ತಲೆಯ ಮೇಲೆ ಡ್ರೋನ್ ಗುಂಯ್‌ಗುಟ್ಟಿದರೆ ತಾಯಿಹಕ್ಕಿ ಗೂಡು ಬಿಟ್ಟು ಏಳುತ್ತದೆ. ಬಿಸಿಲಿಗೆ ಬಿದ್ದ ಮರಿ ಉಳಿಯುವುದು ಕಷ್ಟ. ಗ್ಲಿಟರ್, ಬಲೂನು, ಪ್ಲಾಸ್ಟಿಕ್ಕಿನ ಹೂದಳಗಳು ಮೇಯುವ ದನದ ಹೊಟ್ಟೆಯನ್ನೂ ಕೆರೆಯ ನೀರನ್ನೂ ಸೇರುತ್ತವೆ.

ಬೆಳಕಿನ ಲೆಕ್ಕವೂ ಇದೇ ಸಂಯಮವನ್ನು ಕಲಿಸುತ್ತದೆ. ಚಿತ್ರದುರ್ಗ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ ಸೂರ್ಯನು ನಡುಹಗಲಿಗೆ ನೇರ ನೆತ್ತಿಯ ಮೇಲಿರುತ್ತಾನೆ. ಆಗ ಕಣ್ಣುಗುಳಿಗಳಲ್ಲಿ ನೆರಳು ತುಂಬಿ ಮುಖ ಸೊರಗಿದಂತೆ ಕಾಣುತ್ತದೆ. ಬಂಡೆಯ ಕಾವಿಗೆ ನಿಲ್ಲುವವರೂ ಸೊರಗುತ್ತಾರೆ. ಸೂರ್ಯೋದಯದ ನಂತರದ ಒಂದು ಗಂಟೆ, ಸೂರ್ಯಾಸ್ತಕ್ಕೆ ಮುಂಚಿನ ಒಂದು ಗಂಟೆ ಸಾಕು. ಬಿಳಿ ಪಂಚೆಯೊಂದನ್ನು ಎದುರಿಗೆ ಹಿಡಿದರೆ ಮುಖಕ್ಕೆ ಬೆಳಕು ಮರಳುತ್ತದೆ. ಮನೆಯ ಜಗುಲಿ, ಕಣ, ಹೊಸದುರ್ಗದ ಸಾವೆಯ ಹೊಲದ ಬದು, ಹೊಳಲ್ಕೆರೆಯ ಅಡಿಕೆ ತೋಟದ ಅಂಚು ಇವು ಅನುಮತಿ ಬೇಡದ, ಆದರೆ ಅರ್ಥ ತುಂಬಿದ ಸ್ಥಳಗಳು. ಹೊಲದಲ್ಲಿ ಬೆಳೆ ನಿಂತಿರುವಾಗ ಬದುವಿನ ಮೇಲೆಯೇ ನಿಲ್ಲಬೇಕೆಂದು ಬೇಸಾಯಗಾರರ ಮಕ್ಕಳಿಗೆ ಹೇಳಬೇಕಾಗಿಲ್ಲ. ಪೇಟೆಯಿಂದ ಬಂದ ಛಾಯಾಗ್ರಾಹಕರಿಗೆ ಅವರೇ ಹೇಳಬೇಕು.

ಚೌಕಟ್ಟಿನ ಹೊರಗೆ ಉಳಿದದ್ದು

ಪ್ರತಿಯೊಂದು ಚಿತ್ರವೂ ಕೆಲವನ್ನು ಒಳಗೆ ಸೇರಿಸಿಕೊಂಡು ಉಳಿದುದನ್ನು ಹೊರಗಿಡುತ್ತದೆ. 1907ರಲ್ಲಿ ನಿರ್ಮಾಣ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದು, ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ಮೂರು ತಲೆಮಾರು ಕಾಯ್ದ ನೋಟವನ್ನು ಕಾಣಲು ಜನರು ಹಿರಿಯೂರಿನ ಕಡೆಗೆ ಹರಿದು ಬಂದರು. ಆ ಸಂತೋಷ ನ್ಯಾಯವಾದುದೇ. ಅದೇ ದಿನಗಳಲ್ಲಿ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಅಂಚಿನಲ್ಲಿ ರೈತರ ಜಮೀನುಗಳು ಮುಳುಗಿದ್ದವು. ಒಂದೇ ನೀರು, ಎರಡು ಚಿತ್ರಗಳು. ಹಿನ್ನೀರಿನ ಊರಿನ ಹುಡುಗನೊಬ್ಬನು ತನ್ನನ್ನು ತಾನು ತೋರಿಸಿಕೊಳ್ಳಬೇಕಾದರೆ ಅವನು ಕೋಡಿಯ ಮುಂದೆ ನಿಲ್ಲಬೇಕೋ, ನೀರಿನಲ್ಲಿ ನಿಂತ ತನ್ನ ತೆಂಗಿನ ಮುಂದೆಯೋ?

ಗಣಿಯ ಊರುಗಳ ಪ್ರಶ್ನೆಯೂ ಇಂಥದೇ. 2011ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿಯೂ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಹಿಡಿದಿತ್ತು. ಮುಂದೆ ಷರತ್ತುಗಳೊಡನೆ ಅದು ಮರಳಿತು. ಅದಿರಿನ ಲಾರಿ ಓಡಾಡುವ ರಸ್ತೆಯ ಬದಿಯ ಅಡಿಕೆ ಗರಿಗಳ ಮೇಲೆ ಕೆಂಧೂಳು ಕೂರುತ್ತದೆ. ಚಿತ್ರ ತೆಗೆಯುವವರು ಸಾಮಾನ್ಯವಾಗಿ ಆ ಗರಿಗಳನ್ನು ತಪ್ಪಿಸಿ ಹಸಿರಾದ ಮೂಲೆಯನ್ನು ಹುಡುಕುತ್ತಾರೆ, ಇಲ್ಲವೇ ಕಂಪ್ಯೂಟರಿನಲ್ಲಿ ಧೂಳನ್ನು ಅಳಿಸುತ್ತಾರೆ. ಮದುವೆಯ ಚಿತ್ರದಲ್ಲಿ ಧೂಳು ಬೇಡವೆಂದರೆ ಅದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಹತ್ತು ಚಿತ್ರಗಳಲ್ಲಿ ಒಂದನ್ನಾದರೂ ಆ ಕೆಂಪು ಗರಿಗಳ ಕೆಳಗೆ, ನಿತ್ಯದ ಉಡುಗೆಯಲ್ಲಿ, ಅಪ್ಪ ಅಮ್ಮನೊಡನೆ ನಿಂತು ತೆಗೆಸಿಕೊಳ್ಳುವ ಧೈರ್ಯವನ್ನು ವಿದ್ಯಾರ್ಥಿಗಳು ತೋರಬಹುದು. ಮುಂದೊಂದು ದಿನ ಅದು ಮನೆಯ ಚಿತ್ರವೂ ಆಗುತ್ತದೆ, ಊರಿನ ಸಾಕ್ಷಿಯೂ ಆಗುತ್ತದೆ.

ಕೊನೆಯದಾಗಿ ಒಂದು ಸಣ್ಣ ಕೆಲಸ. ಮೊಬೈಲಿನಲ್ಲಿ ಉಳಿದ ಚಿತ್ರ ಮೊಬೈಲಿನೊಡನೆಯೇ ಹೋಗುತ್ತದೆ. ಒಂದನ್ನಾದರೂ ಕಾಗದದ ಮೇಲೆ ಮುದ್ರಿಸಿ, ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿಡಬೇಕು: ದಿನಾಂಕ, ಊರು, ಹೊಲದಲ್ಲಿದ್ದ ಬೆಳೆ, ಆ ವರ್ಷದ ಮಳೆ, ಉಟ್ಟ ಬಟ್ಟೆ ಯಾರದು, ಯಾರು ನೇಯ್ದದ್ದು, ಚಿತ್ರ ತೆಗೆದವರು ಯಾರು. ಪಕ್ಕದಲ್ಲಿ ನಿಂತವರೆಲ್ಲರ ಹೆಸರನ್ನೂ ಬರೆಯಬೇಕು. ಅಂಚಿನಲ್ಲಿ ಕುರಿಗಾರನು ಕಾಣಿಸಿಕೊಂಡಿದ್ದರೆ ಅವನ ಹೆಸರನ್ನು ಕೇಳಿ ಬರೆಯಬೇಕು, ಒಂದು ಪ್ರತಿಯನ್ನು ಅವನ ಮನೆಗೂ ಮುಟ್ಟಿಸಬೇಕು.